ತಿಮ್ಮಯ್ಯ ಹೆಸರು ಬೇಕು, ತಿಮ್ಮಯ್ಯ ಬೇಡ

ಆ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರುತ್ತದೆ. ಜನರಲ್ ತಿಮ್ಮಯ್ಯನವರ ಕಪ್ಪುಬಿಳುಪು ಫೋಟೊ, ಹಿಂದೆ ತ್ರಿವರ್ಣ ಧ್ವಜ, ಕೆಳಗೆ ದಪ್ಪ ಅಕ್ಷರದಲ್ಲಿ ಕಥೆ. 1948ರಲ್ಲಿ ಕಾಶ್ಮೀರ ಉಳಿಸಿಕೊಟ್ಟ ಕೊಡಗಿನ ವೀರನನ್ನು ನೆಹರೂ ಮತ್ತು ಕೃಷ್ಣ ಮೆನನ್ ಸೇರಿ ಅವಮಾನ ಮಾಡಿದರು, ಅವರು ರಾಜೀನಾಮೆ ಬಿಸಾಕಿ ಹೊರಟುಹೋದರು ಅಂತ. ಕೊನೆಗೆ, ನಿಜವಾದ ಭಾರತೀಯನಾದರೆ ಹತ್ತು ಜನಕ್ಕೆ ಕಳಿಸು ಎಂಬ ಅಪ್ಪಣೆ. ಸೈನಿಕರಿರುವ ಹಳ್ಳಿಗಳ ಗ್ರೂಪುಗಳಲ್ಲಂತೂ ಇದು ವರ್ಷಕ್ಕೆ ನಾಲ್ಕು ಸಲ ಸುತ್ತು ಹೊಡೆಯುತ್ತದೆ.

ಇದು ಬರೀ ವಾಟ್ಸಾಪ್ ಕಥೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2018ರ ವಿಧಾನಸಭಾ ಚುನಾವಣೆ ಪ್ರಚಾರಕ್ಕೆ ಕಲಬುರಗಿಗೆ ಬಂದಿದ್ದ ಪ್ರಧಾನಿ ನರೇಂದ್ರ ಮೋದಿಯವರೇ ಮೇ 3ರಂದು ವೇದಿಕೆ ಮೇಲೆ ಹೆಚ್ಚುಕಡಿಮೆ ಇದೇ ಕಥೆ ಹೇಳಿದರು. ದೇಶದ ಪ್ರಧಾನಿ ನಮ್ಮ ನೆಲದ ಜನರಲ್ ಬಗ್ಗೆ ನಮ್ಮ ಮುಂದೆಯೇ ನಿಂತು ಮಾತಾಡುವಾಗ ಇಸವಿಯನ್ನಾದರೂ ಸರಿ ನೋಡಿಕೊಳ್ಳಬೇಕಲ್ಲವೇ? 1948ರಲ್ಲಿ ರಕ್ಷಣಾ ಮಂತ್ರಿ ಬಲದೇವ್ ಸಿಂಗ್. ಕೃಷ್ಣ ಮೆನನ್ ಆಗ ಲಂಡನ್ನಿನಲ್ಲಿ ಭಾರತದ ಹೈಕಮಿಷನರ್. ಸೇನೆಯ ಮುಖ್ಯಸ್ಥ ಇನ್ನೂ ಬ್ರಿಟಿಷ್ ಅಧಿಕಾರಿ ರಾಯ್ ಬುಚರ್. ತಿಮ್ಮಯ್ಯನವರು ಕಾಶ್ಮೀರದಲ್ಲಿ ಒಂದು ಡಿವಿಷನ್ ನಡೆಸುತ್ತಿದ್ದ ಮೇಜರ್ ಜನರಲ್, ಅವರ ಮೇಲಿನ ಕಮಾಂಡಿನಲ್ಲಿ ಇದ್ದವರು ನಮ್ಮವರೇ ಆದ ಕಾರ್ಯಪ್ಪ. ತಿಮ್ಮಯ್ಯ ಸೇನಾ ಮುಖ್ಯಸ್ಥರಾದದ್ದು 1957ರ ಮೇನಲ್ಲಿ. ರಾಜೀನಾಮೆ ಕೊಟ್ಟದ್ದು 1959ರ ಆಗಸ್ಟ್ 31ರಂದು. ನಡುವೆ ಹನ್ನೊಂದು ವರ್ಷ ಇದೆ ಸ್ವಾಮಿ. ಹನ್ನೊಂದು ವರ್ಷವನ್ನು ನುಂಗಿ ಹಾಕಿದರೆ ಒಬ್ಬ ಮನುಷ್ಯನ ಬದುಕಿನಲ್ಲಿ ಏನು ಉಳಿಯುತ್ತದೆ?

ಈ ಹನ್ನೊಂದು ವರ್ಷದ ಒಳಗೇ ಅವರು ಕೊರಿಯಾಕ್ಕೆ ಹೋಗಿ ಬಂದರು. ನನ್ನ ಜಗಳ ಇರುವುದು ಅಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಇನ್ನೊಂದು ಪಾಳಯದವರ ಲೆಕ್ಕವನ್ನೂ ಚುಕ್ತಾ ಮಾಡಬೇಕು. ಪ್ರಧಾನಿಯವರ ಇಸವಿ ತಪ್ಪು ಅಂತ ಗೊತ್ತಾದ ಕೂಡಲೇ ಕಾಂಗ್ರೆಸ್ಸಿನ ಕಡೆಯವರು ಕುಣಿದಾಡಿದರು. ಇಸವಿ ತಪ್ಪು, ಆದ್ದರಿಂದ ಅವಮಾನವೇ ಆಗಿಲ್ಲ ಎಂಬ ಧಾಟಿಯಲ್ಲಿ ಪೋಸ್ಟುಗಳು ಬಂದವು. ಇದೂ ಸುಳ್ಳೇ. 1959ರಲ್ಲಿ ಆದದ್ದು ಚಿಕ್ಕ ವಿಷಯವಲ್ಲ.

ಕೃಷ್ಣ ಮೆನನ್ 1957ರಲ್ಲಿ ರಕ್ಷಣಾ ಮಂತ್ರಿಯಾದರು. ಬುದ್ಧಿವಂತ, ಆದರೆ ನಾಲಿಗೆ ಹರಿತ, ಎದುರಿಗಿದ್ದವರು ಜನರಲ್ ಆಗಲಿ ಗುಮಾಸ್ತ ಆಗಲಿ ಲೆಕ್ಕಿಸುವವರಲ್ಲ. ಸೇನೆಯ ಬಡ್ತಿಗಳಲ್ಲಿ ಕೈ ಹಾಕತೊಡಗಿದರು. ಬಿ.ಎಂ. ಕೌಲ್ ಎಂಬ ಅಧಿಕಾರಿಯನ್ನು ಮೇಲೆ ತಂದ ರೀತಿ ತಿಮ್ಮಯ್ಯನವರಿಗೆ ಹಿಡಿಸಲಿಲ್ಲ. ಅವರು ನೇರ ಪ್ರಧಾನಿ ಬಳಿ ಹೋಗಿ ಹೇಳಿಕೊಂಡರು. ನೆಹರೂ ಅದನ್ನು ಮೆನನ್ ಕಿವಿಗೆ ಹಾಕಿದರು. ಮೆನನ್ ಕೆರಳಿ ಜನರಲ್ ಮೇಲೆ ಹರಿಹಾಯ್ದರು. ತಿಮ್ಮಯ್ಯ ರಾಜೀನಾಮೆ ಬರೆದು ಕಳಿಸಿದರು. ನೆಹರೂ ಕರೆಸಿ, ಸಮಾಧಾನ ಹೇಳಿ, ವಾಪಸ್ ತೆಗೆಸಿದರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಸೋರಿತ್ತು. ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ಎದ್ದು ನಿಂತ ನೆಹರೂ, ಜನರಲ್ ಎತ್ತಿದ್ದೆಲ್ಲ ಕ್ಷುಲ್ಲಕ ವಿಷಯ, ಸ್ವಭಾವದ ಘರ್ಷಣೆ ಎಂಬರ್ಥದಲ್ಲಿ ಮಾತಾಡಿದರು, ನಾಗರಿಕ ಸರ್ಕಾರವೇ ಸೇನೆಗಿಂತ ಮೇಲು ಎಂದು ಪಾಠ ಹೇಳಿದರು.

ಪಾಠ ಸರಿಯೇ. ಹಿಂದಿನ ವರ್ಷವಷ್ಟೇ, 1958ರ ಅಕ್ಟೋಬರಿನಲ್ಲಿ, ಪಾಕಿಸ್ತಾನದಲ್ಲಿ ಅಯೂಬ್ ಖಾನ್ ಅಧಿಕಾರ ಕಿತ್ತುಕೊಂಡಿದ್ದರು. ದೆಹಲಿಯ ರಾಜಕಾರಣಿಗಳಿಗೆ ಸಮವಸ್ತ್ರ ಕಂಡರೆ ಎದೆ ಡವಡವ ಅನ್ನುತ್ತಿದ್ದ ಕಾಲ. ಆದರೆ ನಂಬಿಕೆ ಇಟ್ಟು ರಾಜೀನಾಮೆ ವಾಪಸ್ ತೆಗೆದುಕೊಂಡವನನ್ನು ಮರುದಿನವೇ ಸಂಸತ್ತಿನಲ್ಲಿ ಚಿಕ್ಕವನನ್ನಾಗಿ ಮಾಡಿದ್ದು ಮೋಸವೇ. ಯಾರು ಮಾಡಿದರೂ ಮೋಸವೇ. ಉಳಿದ ಎರಡು ವರ್ಷ ತಿಮ್ಮಯ್ಯ ಕುರ್ಚಿಯಲ್ಲಿ ಕೂತಿದ್ದರು, ಆದರೆ ಮಾತಿಗೆ ಮೊದಲಿನ ತೂಕ ಇರಲಿಲ್ಲ. 1961ರಲ್ಲಿ ನಿವೃತ್ತರಾಗುವಾಗ ತಮ್ಮ ಜಾಗಕ್ಕೆ ತೋರಟ್ ಬರಲಿ ಎಂದರು. ಸರ್ಕಾರ ತಾಪರ್ ಅವರನ್ನು ತಂದಿತು. ಹಿರಿತನದಲ್ಲಿ ತಾಪರ್ ಮುಂದಿದ್ದರು, ಅದೂ ನಿಜ. ಮುಂದಿನ ವರ್ಷ ಚೀನಾ ಗಡಿಯಲ್ಲಿ ಏನಾಯಿತು, ಕೌಲ್ ಕೈಗೆ ಕೊಟ್ಟ ಪಡೆಗೆ ಏನಾಯಿತು, ಮೆನನ್ ಹೇಗೆ ಮನೆಗೆ ಹೋದರು ಎಲ್ಲರಿಗೂ ಗೊತ್ತು.

ಇದೇ ನೆಹರೂ 1957ರಲ್ಲಿ ಸೇವಾ ಹಿರಿತನದಲ್ಲಿ ಮುಂದಿದ್ದ ಇಬ್ಬರನ್ನು ದಾಟಿಸಿ ತಿಮ್ಮಯ್ಯನವರನ್ನು ಸೇನಾ ಮುಖ್ಯಸ್ಥರನ್ನಾಗಿ ಮಾಡಿದ್ದು. 1953ರಲ್ಲಿ ಕೊರಿಯಾಕ್ಕೆ ಆರಿಸಿ ಕಳಿಸಿದ್ದು ಕೂಡ ಇದೇ ಸರ್ಕಾರ. ಇದು ಫಾರ್ವರ್ಡಿನಲ್ಲಿ ಬರುವುದಿಲ್ಲ. ಬಂದರೆ ಕಥೆ ಕೆಡುತ್ತದೆ. ಒಬ್ಬ ದೇವರು, ಒಬ್ಬ ರಾಕ್ಷಸ ಇಲ್ಲದೆ ಯಾರೂ ಹತ್ತು ಜನಕ್ಕೆ ಕಳಿಸುವುದಿಲ್ಲ.

ಈಗ ಕೊರಿಯಾ.

1950ರಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯಾ ನಡುವೆ ಯುದ್ಧ ಶುರುವಾಯಿತು. ದಕ್ಷಿಣದ ಪರ ಅಮೆರಿಕ ಮತ್ತು ವಿಶ್ವಸಂಸ್ಥೆಯ ಹೆಸರಿನ ಪಡೆ, ಉತ್ತರದ ಪರ ಚೀನಾ. ಲಕ್ಷಾಂತರ ಜನ ಸತ್ತರು. ಗೆರೆ ಹೆಚ್ಚುಕಡಿಮೆ ಎಲ್ಲಿತ್ತೋ ಅಲ್ಲೇ ಬಂದು ನಿಂತಿತು. ಮಾತುಕತೆ 1951ರಲ್ಲೇ ಶುರುವಾಗಿದ್ದರೂ ಯುದ್ಧ ಮುಗಿಯಲಿಲ್ಲ. ಬಹುಮುಖ್ಯ ಕಾರಣ ಒಂದು: ಯುದ್ಧಕೈದಿಗಳು. ದಕ್ಷಿಣದ ಕಡೆ ಸೆರೆಸಿಕ್ಕ ಚೀನೀ ಮತ್ತು ಉತ್ತರ ಕೊರಿಯಾದ ಸೈನಿಕರಲ್ಲಿ ಸಾವಿರಾರು ಮಂದಿ ನಾವು ಊರಿಗೆ ವಾಪಸ್ ಹೋಗುವುದಿಲ್ಲ ಎಂದು ಕೂತರು. ಚೀನಾ ಹೇಳಿತು, ಅವರು ನಮ್ಮವರು, ಎಲ್ಲರನ್ನೂ ಕಳಿಸಲೇಬೇಕು. ಅಮೆರಿಕ ಹೇಳಿತು, ಒಲ್ಲದವರನ್ನು ನೂಕುವುದಿಲ್ಲ. ಈ ಒಂದು ಪ್ರಶ್ನೆ ಬಗೆಹರಿಯದೆ ಗಡಿಯಲ್ಲಿ ದಿನಾ ಹೆಣ ಬೀಳುತ್ತಲೇ ಇದ್ದವು.

ಕೊನೆಗೆ ಸಿಕ್ಕ ದಾರಿ ಏನೆಂದರೆ, ಹೋಗಲು ಒಪ್ಪದ ಕೈದಿಗಳನ್ನು ಎರಡೂ ಕಡೆಗೆ ಸೇರದವರೊಬ್ಬರ ಕೈಗೆ ಒಪ್ಪಿಸುವುದು. ಅವರ ಸರ್ಕಾರದವರು ಬಂದು ತೊಂಬತ್ತು ದಿನ ಬುದ್ಧಿ ಹೇಳಬಹುದು, ಬಾ ಮಗನೇ ಊರಿಗೆ ಅನ್ನಬಹುದು. ಆಮೇಲೆ ಕೈದಿ ತಾನೇ ತೀರ್ಮಾನ ಮಾಡಬೇಕು. ಇದಕ್ಕೊಂದು ಆಯೋಗ: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ. ಮೊದಲೆರಡು ದೇಶ ಒಂದು ಕಡೆಗೆ ವಾಲಿದವು, ನಂತರದ ಎರಡು ಇನ್ನೊಂದು ಕಡೆಗೆ. ಅಂದರೆ ತೀರ್ಮಾನ ಭಾರತದ್ದೇ. ಆ ಕುರ್ಚಿಯಲ್ಲಿ ಕೂತವರು ಲೆಫ್ಟಿನೆಂಟ್ ಜನರಲ್ ಕೊಡಂದೇರ ತಿಮ್ಮಯ್ಯ. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ಮುಖ್ಯಸ್ಥ ಮೇಜರ್ ಜನರಲ್ ತೋರಟ್. ಇಬ್ಬರೂ ಹಳೆಯ ಜೊತೆಗಾರರು, 1945ರಲ್ಲಿ ಬರ್ಮಾದ ಕಂಗಾವ್ ಕದನದಲ್ಲಿ ಒಂದೇ ಬ್ರಿಗೇಡಿನಲ್ಲಿ ಬೇರೆ ಬೇರೆ ಬೆಟಾಲಿಯನ್ ನಡೆಸಿದ್ದವರು.

ನಮ್ಮ ಪಡೆ ಅಲ್ಲಿಗೆ ಹೋದದ್ದೇ ಒಂದು ಕಥೆ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಅವರಿಗೆ ಭಾರತ ಅಂದರೆ ಆಗುತ್ತಿರಲಿಲ್ಲ. ತನ್ನ ನೆಲದ ಮೇಲೆ ಒಬ್ಬ ಭಾರತೀಯ ಸೈನಿಕನೂ ಕಾಲಿಡಬಾರದು ಎಂದು ಕೂತರು. ಹಾಗಾಗಿ ಇಂಚಿಯಾನ್ ಬಂದರಿನಲ್ಲಿ ಹಡಗಿನಿಂದಲೇ ನಮ್ಮ ಸಾವಿರಾರು ಜವಾನರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ, ಎರಡು ಕೊರಿಯಾಗಳ ನಡುವಿನ ಸೇನಾಮುಕ್ತ ಪಟ್ಟಿಯಲ್ಲಿ ಇಳಿಸಬೇಕಾಯಿತು. ಅಲ್ಲಿ ನಮ್ಮವರು ಡೇರೆ ಹಾಕಿ ಕಟ್ಟಿಕೊಂಡ ಊರಿಗೆ ಹಿಂದ್ ನಗರ ಎಂದು ಹೆಸರಿಟ್ಟರು. ಎರಡೂ ಕಡೆ ಲಕ್ಷಾಂತರ ಸೈನ್ಯ, ನಡುವೆ ನಮ್ಮ ಆರು ಸಾವಿರ ಚಿಲ್ಲರೆ ಜನ, ಅವರ ಬೇಲಿಯೊಳಗೆ 22,600ಕ್ಕೂ ಹೆಚ್ಚು ಕೈದಿಗಳು. ಅದರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಚೀನೀಯರು. ಅತ್ತ ಉತ್ತರದವರು ಒಪ್ಪಿಸಿದ್ದು 359 ಜನ, ಅದರಲ್ಲಿ 23 ಮಂದಿ ಅಮೆರಿಕನ್ನರು.

ಕೈದಿ ಅಂದರೆ ತಲೆ ತಗ್ಗಿಸಿ ಕೂತವರು ಅಂದುಕೊಳ್ಳಬೇಡಿ. ಶಿಬಿರದೊಳಗೆ ಅವರದ್ದೇ ನಾಯಕರು, ಅವರದ್ದೇ ಗೂಢಚಾರರು. ಊರಿಗೆ ಹೋಗುತ್ತೇನೆ ಎಂದು ಬಾಯಿಬಿಟ್ಟವನನ್ನು ರಾತ್ರಿ ಒಳಗೇ ಕೊಂದು ಹಾಕಿದ ಪ್ರಕರಣಗಳಿದ್ದವು. ನಮ್ಮವರು ಅದರ ತನಿಖೆಯನ್ನೂ ಮಾಡಬೇಕಿತ್ತು. ಒಮ್ಮೆ ಕೈದಿಗಳು ಒಬ್ಬ ಭಾರತೀಯ ಮೇಜರನ್ನೇ ಎಳೆದೊಯ್ದು ಒಳಗೆ ಕೂಡಿಹಾಕಿದರು. ಸುತ್ತ ಸಾವಿರಾರು ಜನ ಕೂಗಾಡುತ್ತಿದ್ದಾರೆ. ತೋರಟ್ ಬೇಲಿ ದಾಟಿ ಒಳಗೆ ನಡೆದರು. ಬೈಯಲಿಲ್ಲ, ಬಂದೂಕು ತೋರಿಸಲಿಲ್ಲ. ಅವರ ನಡುವೆ ಕೂತು, ಅತಿಥಿಗೆ ಸತ್ಕಾರ ಇಲ್ಲವೇ ಎಂಬಂತೆ ಸಿಗರೇಟು ಸೇದುತ್ತ ಮಾತಾಡಿ, ತಮ್ಮ ಮೇಜರನ್ನು ಬಿಡಿಸಿಕೊಂಡು ಬಂದರು. ಯಾವಾಗಲೂ ಹೀಗೆ ಮುಗಿಯಲಿಲ್ಲ. ಅಕ್ಟೋಬರ್ ಮೊದಲಲ್ಲಿ ಕೈದಿಗಳು ನುಗ್ಗಿದಾಗ ನಮ್ಮವರು ಗುಂಡು ಹಾರಿಸಿದ್ದೂ ಉಂಟು, ಕೈದಿಗಳು ಸತ್ತದ್ದೂ ಉಂಟು. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ.

ತಿಮ್ಮಯ್ಯನವರ ಮುಂದಿದ್ದ ಪ್ರಶ್ನೆ ಇದು. ಬಹಳ ಕೈದಿಗಳು ಬುದ್ಧಿಮಾತಿನ ಡೇರೆಗೆ ಬರಲಿಕ್ಕೇ ಒಪ್ಪಲಿಲ್ಲ. ಎಳೆದು ತನ್ನಿ ಎಂದವು ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ. ಬಲ ಪ್ರಯೋಗಿಸಿದರೆ ನಾವು ಆಯೋಗ ಬಿಟ್ಟು ಹೊರಡುತ್ತೇವೆ ಎಂದಿತು ಸ್ವಿಟ್ಜರ್ಲೆಂಡ್. ಎಳೆದು ತಂದರೆ ನೂರಾರು ಹೆಣ ಬೀಳುತ್ತದೆ. ತರದಿದ್ದರೆ ಒಪ್ಪಂದದ ಮಾತು ನಡೆಸಿಲ್ಲ ಎಂಬ ಅಪವಾದ. ಮೂವತ್ತು ವರ್ಷ ಸಮೀಪ ಸೈನ್ಯದಲ್ಲಿ ಕಳೆದ ಮನುಷ್ಯ, ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತವರು, ಬರ್ಮಾದಲ್ಲಿ ಜಪಾನೀಯರ ಎದುರು ಹೋರಾಡಿ ಡಿ.ಎಸ್.ಒ. ಪದಕ ಪಡೆದವರು, 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿ ಮೇಲಿನ ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿ ತಾವೇ ಮುಂದಿನ ಟ್ಯಾಂಕಿನಲ್ಲಿ ಕೂತು ಹೋದವರು. ಬಲ ಪ್ರಯೋಗ ಅವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಆದರೂ ಅವರು ಬಲ ಬೇಡ ಎಂದರು.

ಫಲ ಏನಾಯಿತು? ಎರಡೂ ಕಡೆಯಿಂದ ಬೈಗುಳ. ದಕ್ಷಿಣ ಕೊರಿಯಾ ಭಾರತವನ್ನು ಕಮ್ಯುನಿಸ್ಟರ ಬಾಲ ಎಂದಿತು. ಚೀನಾ ಮತ್ತು ಉತ್ತರ ಕೊರಿಯಾ, ಭಾರತ ಅಮೆರಿಕಕ್ಕೆ ಬಗ್ಗಿತು ಎಂದವು. ಬಹುಪಾಲು ಕೈದಿಗಳಿಗೆ ಆ ವಿವರಣೆ ತಲುಪಲೇ ಇಲ್ಲ. ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕವರಲ್ಲಿ ಊರಿಗೆ ಹೊರಟವರು ಆರುನೂರ ಚಿಲ್ಲರೆ. ಅವಧಿ ಮುಗಿದ ಮೇಲೆ, 1954ರ ಜನವರಿಯಲ್ಲಿ, ಉಳಿದವರನ್ನು ಯಾರಿಂದ ಪಡೆದಿದ್ದರೋ ಅವರಿಗೇ ತಿರುಗಿ ಒಪ್ಪಿಸಿದರು. ಚೀನೀಯರಲ್ಲಿ ಹೆಚ್ಚಿನವರು ತೈವಾನಿಗೆ ಹೋದರು. 21 ಅಮೆರಿಕನ್ನರು ಮತ್ತು ಒಬ್ಬ ಬ್ರಿಟಿಷ್ ಸೈನಿಕ ಚೀನಾದ ಕಡೆಗೇ ಉಳಿದರು. ಯಾವ ಕಡೆಯೂ ಬೇಡ ಎಂದ ಎಂಬತ್ತಕ್ಕೂ ಹೆಚ್ಚು ಜನ ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಮದ್ರಾಸಿಗೆ ಬಂದರು.

ಸೋಲೋ ಗೆಲುವೋ? ನನ್ನ ಲೆಕ್ಕದಲ್ಲಿ ಗೆಲುವು, ಅದೂ ದೊಡ್ಡ ಗೆಲುವು. ಕೈದಿಗಳ ವಿಷಯಕ್ಕೆ ಮತ್ತೆ ಯುದ್ಧ ಹೊತ್ತಿಕೊಳ್ಳಲಿಲ್ಲ. 1953ರ ಜುಲೈ 27ರ ಕದನವಿರಾಮ ಇವತ್ತಿಗೂ ನಿಂತಿದೆ. ಅದಕ್ಕೆ ಕಾರಣ ತಿಮ್ಮಯ್ಯನವರೊಬ್ಬರೇ ಅಂತ ಹೇಳಿದರೆ ನಾನೂ ಫಾರ್ವರ್ಡ್ ಬರೆದಂತಾಗುತ್ತದೆ. ಆದರೆ ಅದು ಮುರಿಯಬಹುದಾಗಿದ್ದ ಮೊದಲ ಆರು ತಿಂಗಳಲ್ಲಿ, ಮುರಿಯಬಹುದಾಗಿದ್ದ ಜಾಗದಲ್ಲೇ ಅವರು ಕೂತಿದ್ದರು. 1954ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆ ಅನುಭವದ ಬಗ್ಗೆ ಅವರು ಬರೆದಿಟ್ಟ ಪುಸ್ತಕ ಪ್ರಕಟವಾದದ್ದು ಅವರು ತೀರಿಹೋಗಿ ಹದಿನಾರು ವರ್ಷದ ಮೇಲೆ, 1981ರಲ್ಲಿ.

ಇದರಲ್ಲಿ ಒಂದು ಸಾಲಾದರೂ ನಿಮ್ಮ ಫೋನಿಗೆ ಬಂದಿದೆಯೇ? ಜೋಜಿಲಾ ಬಂದಿರುತ್ತದೆ. ಬರಲಿ, ಅದು ಬರಬೇಕಾದದ್ದೇ. ಟ್ಯಾಂಕಿನ ಗೋಪುರ ಕಳಚಿ, ಶತ್ರುವಿಗೆ ಸುಳಿವು ಕೊಡದೆ ಮೇಲೆ ಸಾಗಿಸಿದ್ದು ಸಣ್ಣ ಸಾಹಸವಲ್ಲ. ಅದು ಆಗದಿದ್ದರೆ ಆ ಚಳಿಗಾಲದೊಳಗೆ ಲೇಹ್ ದಾರಿ ತೆರೆಯುವುದು ಕಷ್ಟವಿತ್ತು. ಆದರೆ ಟ್ಯಾಂಕಿನ ಮೇಲಿನ ತಿಮ್ಮಯ್ಯನಿಗೆ ಚಪ್ಪಾಳೆ ಹೊಡೆಯುವವರು ಡೇರೆಯೊಳಗೆ ಎರಡು ಕಡೆಯ ಬೈಗುಳ ಕೇಳುತ್ತ ಕೂತ ತಿಮ್ಮಯ್ಯನನ್ನು ಯಾಕೆ ಮುಚ್ಚಿಡುತ್ತಾರೆ? ಯಾಕೆಂದರೆ ಆ ತಿಮ್ಮಯ್ಯ ಓಟು ತರುವುದಿಲ್ಲ. ಟಿವಿ ರೇಟಿಂಗೂ ತರುವುದಿಲ್ಲ.

ನಿವೃತ್ತಿಯಾದ ಮೇಲೂ ಅವರು ಹೀಗೇ. 1962ರ ಜುಲೈನಲ್ಲಿ, ಚೀನಾ ಯುದ್ಧಕ್ಕೆ ಮೂರು ತಿಂಗಳು ಮೊದಲು, ದೆಹಲಿಯ ಸೆಮಿನಾರ್ ಪತ್ರಿಕೆಗೆ ಒಂದು ಲೇಖನ ಬರೆದರು. ಪಾಕಿಸ್ತಾನದ ಜೊತೆ ಪೂರ್ಣ ಯುದ್ಧವನ್ನು ಸೈನಿಕನಾಗಿ ನಾನು ಊಹಿಸಿಕೊಳ್ಳಬಲ್ಲೆ, ಚೀನಾದ ಜೊತೆ ನಾವೊಬ್ಬರೇ ಬಯಲು ಯುದ್ಧಕ್ಕೆ ಇಳಿಯುವುದನ್ನು ಊಹಿಸಲಾರೆ, ಅಲ್ಲಿ ನಮ್ಮ ಭದ್ರತೆ ರಾಜಕಾರಣಿಗಳ ಮತ್ತು ರಾಜತಾಂತ್ರಿಕರ ಜವಾಬ್ದಾರಿ ಎಂಬುದು ಅದರ ತಿರುಳು. ಇಂಥದ್ದನ್ನು ಇವತ್ತು ಒಬ್ಬ ನಿವೃತ್ತ ಜನರಲ್ ಬರೆದರೆ ಏನಾಗುತ್ತದೆ ಹೇಳಿ. ರಾತ್ರಿ ಒಂಬತ್ತರ ಚರ್ಚೆಯಲ್ಲಿ ಅವರನ್ನು ಹೇಡಿ ಅನ್ನುತ್ತಾರೆ. ದೇಶದ್ರೋಹಿ ಅನ್ನುತ್ತಾರೆ. ಹಾಗೆ ಅನ್ನುವವರ ಡಿ.ಪಿ.ಯಲ್ಲಿ ತಿಮ್ಮಯ್ಯನವರ ಫೋಟೊ ಇರಲಿಕ್ಕೂ ಸಾಕು.

ಆಮೇಲೆ ಸೈಪ್ರಸ್. ಮೆಡಿಟರೇನಿಯನ್ ಸಮುದ್ರದ ಸಣ್ಣ ದ್ವೀಪ, ನಮ್ಮ ಎರಡು ಜಿಲ್ಲೆ ಸೇರಿಸಿದಷ್ಟೂ ಇಲ್ಲ. ಗ್ರೀಕರೂ ತುರ್ಕರೂ ಬೆರೆತು ಬದುಕಿದ್ದ ಜಾಗ. 1960ರಲ್ಲಿ ಸ್ವಾತಂತ್ರ್ಯ, 1963ರ ಡಿಸೆಂಬರಿನಲ್ಲಿ ಪರಸ್ಪರ ಕೊಲೆ. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆ ಕಳಿಸಲು ನಿರ್ಧರಿಸಿತು. ಮೊದಲ ಕಮಾಂಡರ್ ಭಾರತದ ಜನರಲ್ ಗ್ಯಾನಿ. ಅವರ ನಂತರ, ಆ ವರ್ಷದ ಜುಲೈನಿಂದ, ತಿಮ್ಮಯ್ಯ. ಅವರ ಕೆಳಗಿದ್ದದ್ದು ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ಸೈನಿಕರು. ಬ್ರಿಟಿಷ್ ಸೈನ್ಯದಲ್ಲಿ ಕರಿಯ ಅಧಿಕಾರಿ ಎಂದು ಕ್ಲಬ್ಬಿಗೆ ಸೇರಿಸದ ಕಾಲದಲ್ಲಿ ಕೆಲಸಕ್ಕೆ ಸೇರಿದ ಪೀಳಿಗೆಯ ಮನುಷ್ಯನ ಆಜ್ಞೆಗೆ ಈಗ ಬ್ರಿಟಿಷ್ ಪಡೆ ಸಲಾಮು ಹೊಡೆಯುತ್ತಿತ್ತು. ಹೆಮ್ಮೆ ಪಡುವುದಿದ್ದರೆ ಇಲ್ಲಿ ಪಡಬಹುದು.

ಅವರು ಹೋದ ತಿಂಗಳೊಳಗೆ, ಆಗಸ್ಟ್ 8 ಮತ್ತು 9ರಂದು, ತುರ್ಕಿಯ ವಿಮಾನಗಳು ದ್ವೀಪದ ಮೇಲೆ ಬಾಂಬು ಹಾಕಿದವು. ಗ್ರೀಸ್ ಮತ್ತು ತುರ್ಕಿ ನಡುವೆಯೇ ಯುದ್ಧ ಆಗುವುದೊಂದು ಬಾಕಿ. ಅದು ಆ ಸಲ ತಪ್ಪಿತು. ಅದಾದ ಮೇಲಿನ ಕೆಲಸದಲ್ಲಿ ಸಿನಿಮಾ ಮಾಡುವಂಥದ್ದು ಏನೂ ಇಲ್ಲ. ಎರಡು ಬಂದೂಕುಗಳ ನಡುವೆ ಸಿಕ್ಕಿಕೊಂಡ ಹೊಲಕ್ಕೆ ರೈತ ಹೋಗಿ ಕೊಯ್ಲು ಮಾಡಿ ಬರಬೇಕು, ಅವನ ಜೊತೆ ನೀಲಿ ಟೋಪಿಯ ಸೈನಿಕ ಹೋಗಬೇಕು. ನಿಕೋಸಿಯಾದಿಂದ ಕೈರೇನಿಯಾಕ್ಕೆ ಹೋಗುವ ರಸ್ತೆಯಲ್ಲಿ ವಾಹನಗಳನ್ನು ಸಾಲು ಮಾಡಿ ಕಾವಲಿನಲ್ಲಿ ದಾಟಿಸಬೇಕು. ಅಂಚೆ ತಲುಪಬೇಕು. ಇಂಥ ಒಂದೊಂದಕ್ಕೂ ಎರಡು ಕಡೆಯವರ ಜೊತೆ ಗಂಟೆಗಟ್ಟಲೆ ಮಾತು. ಹೊಲದ ಬದುವಿಗೆ ತಲೆ ಒಡೆದುಕೊಳ್ಳುವ ಅಣ್ಣತಮ್ಮಂದಿರ ನಡುವೆ ರಾಜಿ ಪಂಚಾಯ್ತಿ ಮಾಡಿದವರಿಗೆ ಇದರ ಕಷ್ಟ ಗೊತ್ತಿರುತ್ತದೆ. ಇಲ್ಲಿ ಅಣ್ಣತಮ್ಮಂದಿರ ಹಿಂದೆ ಎರಡು ದೇಶಗಳ ಸೈನ್ಯವೇ ನಿಂತಿತ್ತು.

1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಐವತ್ತೊಂಬತ್ತು ವಯಸ್ಸು. ಮುಂದಿನ ವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರದ ಅಂಚೆಚೀಟಿ ತಂದಿತು. ಮಡಿಕೇರಿಯಲ್ಲಿ ಹುಟ್ಟಿದ ಮನುಷ್ಯನ ಮುಖವನ್ನು ಆ ದ್ವೀಪದ ಜನ ಕಾಗದಕ್ಕೆ ಅಂಟಿಸಿ ಪತ್ರ ಕಳಿಸಿದರು.

ನಾವು ಏನು ಮಾಡಿದೆವು? ಮಡಿಕೇರಿಯಲ್ಲಿ ಅವರ ಮನೆ ಸನ್ನಿಸೈಡ್ ಇದೆ. ವರ್ಷಗಟ್ಟಲೆ ಅದರಲ್ಲಿ ಆರ್‌ಟಿಒ ಕಚೇರಿ ಇತ್ತು. ಜನ ಡ್ರೈವಿಂಗ್ ಲೈಸೆನ್ಸಿಗೆ ಕ್ಯೂ ನಿಂತದ್ದು ಜನರಲ್ ತಿಮ್ಮಯ್ಯನ ಮನೆ ಅಂಗಳದಲ್ಲಿ. ಅದು ಮ್ಯೂಸಿಯಂ ಆಗಿ ಬಾಗಿಲು ತೆರೆದದ್ದು 2021ರ ಫೆಬ್ರವರಿಯಲ್ಲಿ, ರಾಷ್ಟ್ರಪತಿ ಕೋವಿಂದ್ ಬಂದು ಉದ್ಘಾಟಿಸಿದರು. ತೀರಿಹೋಗಿ ಐವತ್ತೈದು ವರ್ಷ ಆಗಿತ್ತು. ಆ ಐವತ್ತೈದು ವರ್ಷದಲ್ಲಿ ಬೆಂಗಳೂರಿನಲ್ಲೂ ದೆಹಲಿಯಲ್ಲೂ ಎಲ್ಲ ಪಕ್ಷಗಳೂ ಅಧಿಕಾರ ನಡೆಸಿ ಹೋದವು. 2023ರ ಆಗಸ್ಟಿನಲ್ಲಿ ಮಡಿಕೇರಿ ವೃತ್ತದಲ್ಲಿದ್ದ ಅವರ ಪ್ರತಿಮೆಗೆ ಸಾರಿಗೆ ಬಸ್ಸು ಗುದ್ದಿ ಪ್ರತಿಮೆ ಕೆಳಗೆ ಬಿತ್ತು. ಅಪಘಾತ, ಯಾರದ್ದೂ ಸಂಚಲ್ಲ. ಆದರೆ ಅವತ್ತು ನೋಡಬೇಕಿತ್ತು ಫೋನುಗಳನ್ನು. ಆರ್‌ಟಿಒ ಕಚೇರಿಯ ವಿಷಯಕ್ಕೆ ದಶಕಗಟ್ಟಲೆ ಬಾರದ ಕಣ್ಣೀರು ಬಸ್ಸು ಗುದ್ದಿದ ದಿನ ಕೋಡಿ ಹರಿಯಿತು. ಪ್ರತಿಮೆ ರಿಪೇರಿಯಾಗಿ ವಾಪಸ್ ನಿಂತಿತು, ಕಣ್ಣೀರೂ ನಿಂತಿತು.

ನಮ್ಮ ವೃತ್ತಿಯವರೂ ಇದರಲ್ಲಿ ಪಾಲುದಾರರೇ. ಮಾರ್ಚ್ 31ರ ಜಯಂತಿ ಸುದ್ದಿಗೆ ಡೆಸ್ಕಿನವರು ಕೇಳುವುದು ಒಂದು ಫೋಟೊ, ನೂರು ಪದ. ಮಾಲಾರ್ಪಣೆ ಮಾಡಿದವರ ಹೆಸರಿಗೇ ಎಂಬತ್ತು ಪದ ಹೋಗುತ್ತದೆ. ಉಳಿದ ಇಪ್ಪತ್ತರಲ್ಲಿ ವೀರ, ಧೀರ, ಆದರ್ಶ.

ಇಷ್ಟೆಲ್ಲ ಬರೆಯಲು ಕಾರಣ ಹಳೆಯ ಮಾತು ಕೆದಕುವ ಚಟ ಅಲ್ಲ. ಗಡಿಯಲ್ಲಿ ಒಂದು ಗುಂಡು ಹಾರಿದ ಮರುಕ್ಷಣ ನಮ್ಮ ಹಳ್ಳಿ ಗ್ರೂಪುಗಳಲ್ಲಿ ಶುರುವಾಗುವ ಕೂಗು ನೋಡಿ. ನುಗ್ಗಿ, ಹೊಡೆಯಿರಿ, ಮುಗಿಸಿಬಿಡಿ. ಮಾತುಕತೆ ಎಂದವನು ಹೇಡಿ. ಎರಡನೇ ದಿನ ಯಾರೋ ಒಬ್ಬರು ದೇಶಕ್ಕೆ ಮಿಲಿಟರಿ ಆಡಳಿತವೇ ಸರಿ ಅನ್ನುತ್ತಾರೆ, ಅದಕ್ಕೆ ತಿಮ್ಮಯ್ಯ, ಕಾರ್ಯಪ್ಪನವರ ಫೋಟೊ ಹಾಕುತ್ತಾರೆ. ಅವಮಾನ ನುಂಗಿಕೊಂಡೂ ಸರ್ಕಾರದ ವಿರುದ್ಧ ಬಂದೂಕು ತಿರುಗಿಸದ, ಸುಮ್ಮನೆ ಅವಧಿ ಮುಗಿಸಿ ಮನೆಗೆ ಹೋದ ಮನುಷ್ಯನ ಫೋಟೊ! ಕೂಗುವವರಲ್ಲಿ ಹೆಚ್ಚಿನವರ ಮಕ್ಕಳು ಸೈನ್ಯದಲ್ಲಿಲ್ಲ. ಸೈನ್ಯದಲ್ಲಿರುವ ಮಕ್ಕಳ ಅಪ್ಪ ಅಮ್ಮ ಆ ಹೊತ್ತಿನಲ್ಲಿ ಏನೂ ಟೈಪ್ ಮಾಡುವುದಿಲ್ಲ. ಮಗನ ಫೋನ್ ಬರುತ್ತದೋ ಅಂತ ಕಾಯುತ್ತ ಕೂತಿರುತ್ತಾರೆ. ಅವರ ಪರವಾಗಿ ಮಾತಾಡುವ ಜನರಲ್ ಒಬ್ಬರು ನಮ್ಮಲ್ಲೇ ಇದ್ದರು. ಯುದ್ಧ ಮಾಡುವುದನ್ನೂ ಬಲ್ಲವರು, ನಿಲ್ಲಿಸುವುದನ್ನೂ ಬಲ್ಲವರು. ಅವರನ್ನೇ ಕೂಗುವವರು ಕದ್ದುಕೊಂಡು ಹೋಗಿದ್ದಾರೆ.

ಬಿಜೆಪಿಯವರಿಗೆ ನಾನು ಕೇಳುವುದು: ನೆಹರೂಗೆ ಬೈಯಬೇಕಿದ್ದರೆ ಬೈಯಿರಿ, 1959 ಸಾಕಷ್ಟು ಸಾಮಾನು ಕೊಡುತ್ತದೆ, 1948 ಯಾಕೆ ಬೇಕು? ಕಾಂಗ್ರೆಸ್ಸಿನವರಿಗೆ: ನಿಮ್ಮ ಸರ್ಕಾರ ಆರಿಸಿ ಕಳಿಸಿದ ಮನುಷ್ಯ ಕೊರಿಯಾದಲ್ಲಿ ಮಾಡಿದ ಕೆಲಸವನ್ನು ನೀವಾದರೂ ಒಂದು ದಿನ ವೇದಿಕೆಯಲ್ಲಿ ಹೇಳಿದ್ದೀರಾ, ಅಥವಾ ಮೆನನ್ ನೆನಪಾಗುತ್ತದೆ ಎಂಬ ಭಯವೇ? ಮೇಷ್ಟ್ರುಗಳಿಗೆ: ಮುಂದಿನ ಮಾರ್ಚ್ 31ಕ್ಕೆ ಮಕ್ಕಳ ಕೈಯಲ್ಲಿ ಭಾಷಣ ಮಾಡಿಸುವಾಗ ಜೋಜಿಲಾಕ್ಕೆ ಎರಡು ನಿಮಿಷ ಕೊಟ್ಟರೆ ಹಿಂದ್ ನಗರಕ್ಕೂ ಎರಡು ನಿಮಿಷ ಕೊಡಿ. ಕೊರಿಯಾ ಎಲ್ಲಿದೆ ಅಂತ ಮಕ್ಕಳು ನಕ್ಷೆಯಲ್ಲಿ ತೋರಿಸಲಿ. ಮಡಿಕೇರಿಗೆ ಟ್ರಿಪ್ ಹೋಗುವವರು ರಾಜಾಸೀಟಿನಲ್ಲಿ ಸೆಲ್ಫಿ ತೆಗೆದ ಮೇಲೆ ಸನ್ನಿಸೈಡಿಗೂ ಒಂದು ಗಂಟೆ ಇಟ್ಟುಕೊಳ್ಳಿ.

ಆ ಫಾರ್ವರ್ಡ್ ಮತ್ತೆ ಬಂದರೆ ಡಿಲೀಟ್ ಮಾಡಬೇಡಿ. ಕೆಳಗೆ ಇಷ್ಟು ಬರೆದು ಅದೇ ಗ್ರೂಪಿಗೆ ವಾಪಸ್ ಹಾಕಿ: 1948ರಲ್ಲಿ ರಕ್ಷಣಾ ಮಂತ್ರಿ ಬಲದೇವ್ ಸಿಂಗ್, ರಾಜೀನಾಮೆ 1959ರಲ್ಲಿ, ಕೊರಿಯಾದ ಬಗ್ಗೆ ಗೊತ್ತಿದ್ದರೆ ಹೇಳಿ.